ಬಚ್ಚಲ ಕಲ್ಲು

ಎಂಟು ವರ್ಷಗಳಿಂದ ನಾನು ಕಾಲೇಜಿನಲ್ಲಿ ಶಾಸನಗಳ ಪಾಠ ಹೇಳುತ್ತ ಬಂದಿದ್ದೇನೆ. ಮೊದಲ ದಿನ ಹುಡುಗರನ್ನು ಒಂದು ಪ್ರಶ್ನೆ ಕೇಳುವುದು ನನ್ನ ವಾಡಿಕೆ: "ನಿಮ್ಮೂರಿನಲ್ಲಿ ಯಾವ ಹಳೆಯ ಕಲ್ಲಿದೆ?" ಸೋಮನಾಥಪುರದ ಕಡೆಯವನಿದ್ದರೆ ಎದೆಯುಬ್ಬಿಸಿ ಏಳುತ್ತಾನೆ, 2023ರಲ್ಲಿ ಅಲ್ಲಿಯ ಕೇಶವ ದೇವಾಲಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಅವನನ್ನು ಕೂರಿಸುವುದೇ ಕಷ್ಟ. ತಲಕಾಡಿನವನು ಮರಳಿನ ಮಾತೆತ್ತುತ್ತಾನೆ. ಮಿಕ್ಕವರು "ನಮ್ಮೂರಲ್ಲಿ ಅಂಥದ್ದೇನೂ ಇಲ್ಲ ಸಾರ್" ಎಂದು ತಲೆ ತಗ್ಗಿಸುತ್ತಾರೆ. "ಇಲ್ಲ ಎನ್ನಬೇಡಿ, ನೋಡಿಲ್ಲ ಎನ್ನಿ" ಎಂದು ನಾನು ಉಪದೇಶ ಮಾಡುತ್ತಿದ್ದೆ. ಆ ಉಪದೇಶ ಮೊದಲು ಯಾರಿಗೆ ಸಲ್ಲಬೇಕಾಗಿತ್ತೆಂಬುದು ಹೋದ ಬೇಸಿಗೆಯಲ್ಲಿ ತಿಳಿಯಿತು.

ನಮ್ಮೂರು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಕಪಿಲೆಯ ದಂಡೆಗೆ ಹತ್ತಿರ. ಮುತ್ತಜ್ಜ ಕಟ್ಟಿಸಿದ ಮನೆಯ ಬಚ್ಚಲು ಕುಸಿದಿತ್ತು; ಕೆಡವಿ ಹೊಸದು ಕಟ್ಟಿಸಲು ಅಣ್ಣ ಮೇಸ್ತ್ರಿಯನ್ನು ಕರೆಸಿದ್ದ. ಹಂಡೆಯ ಒಲೆಯ ಪಕ್ಕದಲ್ಲಿ ಒಂದು ದೊಡ್ಡ ಚಪ್ಪಡಿ. ಮೈಗೆಲ್ಲ ಹರಳೆಣ್ಣೆ ಮೆತ್ತಿಸಿಕೊಂಡು, ಸೀಗೆಪುಡಿ ಕಣ್ಣಿಗೆ ಬಿದ್ದು, ಅದರ ಮೇಲೆ ಕುಳಿತು ಅಳದ ಮಗು ನಮ್ಮ ಮನೆತನದಲ್ಲಿ ಹುಟ್ಟಿಲ್ಲ. ನಾಲ್ಕು ಜನ ಹಾರೆ ಹಾಕಿ ಮೀಟಿದರು. ಕಲ್ಲು ಮಗುಚಿ ಬಿತ್ತು. ಮೇಸ್ತ್ರಿ ಒಂದು ಚೆಂಬು ನೀರು ಹೊಯ್ದು, "ಇದರಲ್ಲಿ ಗೊಂಬೆಗಳವೆ ಸ್ವಾಮಿ" ಎಂದ.

ವೀರಗಲ್ಲು! ಮೂರು ಪಟ್ಟಿಕೆಗಳು. ಕೆಳಗೆ ಬಿಲ್ಲು ಹಿಡಿದು ಹೋರಾಡುತ್ತಿರುವವನು, ಅವನ ಹಿಂದೆ ಎರಡು ಹಸುಗಳು. ನಡುವೆ ಅವನನ್ನು ಕೈಹಿಡಿದು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ಮನುಷ್ಯ. ಪಟ್ಟಿಕೆಗಳ ನಡುವೆ ಎರಡು ಸಾಲು ಬರಹ. ನಾನು ಕೆಸರಿನಲ್ಲೇ ಮಂಡಿಯೂರಿದೆ. ಅಣ್ಣ ನಕ್ಕುಬಿಟ್ಟ: "ಇಷ್ಟು ವರ್ಷ ಅದರ ಮೇಲೆ ಕೂತು ಮೀಯಿಸಿಕೊಂಡೆ, ಈಗ ಕೈಮುಗೀತೀಯೇನೋ?"

ಮೈಸೂರಿಗೆ ಮರಳಿದವನೇ ಬಿ. ಎಲ್. ರೈಸರ 'ಎಪಿಗ್ರಾಫಿಯಾ ಕರ್ನಾಟಿಕ'ದ ಸಂಪುಟಗಳನ್ನು ತೆಗೆದೆ. ಮೈಸೂರು ಜಿಲ್ಲೆಗೆ ಅವರು ಎರಡು ಸಂಪುಟಗಳನ್ನು ಮೀಸಲಿಟ್ಟರು. ಒಂದು 1894ರದು, ಇನ್ನೊಂದು 1898ರದು. ನಮ್ಮ ಸೀಮೆಯ ಜಾತಕವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲವೆಂಬುದು ನನ್ನ ಮತ. 1939ರಲ್ಲಿ ಮಂಡ್ಯ, 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಗಳಾದವು. ರೈಸರ ಪುಟಗಳಲ್ಲಿ ಮಾತ್ರ ಅಣ್ಣತಮ್ಮಂದಿರು ಇನ್ನೂ ಪಾಲಾಗದೆ ಒಂದೇ ಮನೆಯಲ್ಲಿದ್ದಾರೆ. 1972ರಿಂದ ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ಹೊರತರತೊಡಗಿತು. ಹಳೆಯದನ್ನೂ ಹೊಸದನ್ನೂ ಎರಡೆರಡು ಬಾರಿ ಮಗುಚಿದೆ. ನಮ್ಮ ಕಲ್ಲು ಯಾವುದರಲ್ಲಿಯೂ ಇಲ್ಲ. ಇರುವುದಾದರೂ ಹೇಗೆ? ಶಾಸನ ಹುಡುಕುವವರು ದೇವಸ್ಥಾನ ನೋಡಿಯಾರು, ಕೆರೆಯ ಏರಿ ನೋಡಿಯಾರು. ಪರರ ಬಚ್ಚಲಿಗೆ ನುಗ್ಗುವರೆ?

ಮೈಸೂರು ಜಿಲ್ಲೆಯ ಪರಂಪರೆ ಎಂದೊಡನೆ ನಮಗೆ ಅರಮನೆ, ದಸರೆ, ಚಾಮುಂಡಿಬೆಟ್ಟ ಕಣ್ಣಿಗೆ ಕಟ್ಟುತ್ತವೆ. ಒಪ್ಪಬೇಕಾದದ್ದೇ. ಆದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ನುಗುನಾಡಿನ ಒಡೆಯ ರವಿಗನ ಮಗಳು ದೇಕಬ್ಬೆ. ಗಂಡ ಏಚ ಮಲ್ಲಯುದ್ಧದಲ್ಲಿ ಅರಸನ ಬಂಧುವೊಬ್ಬನನ್ನು ಕೊಂದ. ಅದಕ್ಕಾಗಿ ಚೋಳ ದೊರೆ ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿದ. ಸುದ್ದಿ ಕೇಳಿದ ದೇಕಬ್ಬೆ ಹೆತ್ತವರು ಬೇಡವೆಂದರೂ ಕೇಳದೆ ಕೊಂಡವನ್ನು ಹೊಕ್ಕಳು. ಅವಳು ಮಾಡಿದ್ದನ್ನು ಇಂದು ಮೆಚ್ಚಲಾಗದು. ಆದರೂ ತಂದೆತಾಯಿಯರು ತಡೆದದ್ದನ್ನು ಕಲ್ಲು ಮರೆಮಾಚದೆ ಹೇಳುತ್ತದಲ್ಲ, ಆ ಭಾಗ ಪಾಠ ಮಾಡುವಾಗ ಪ್ರತಿ ಸಲವೂ ನನ್ನ ದನಿ ಕೆಳಗಿಳಿಯುತ್ತದೆ.

ಆತಕೂರಿನ ಕಲ್ಲನ್ನು ಹುಡುಗರು ಇನ್ನೂ ಇಷ್ಟಪಡುತ್ತಾರೆ. ತಕ್ಕೋಲದ ಕಾಳಗದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚಿ ಗಂಗರ ಬೂತುಗ, "ಏನು ಬೇಕು, ಕೇಳು" ಎಂದಾಗ, ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ನಾಯಿಗಾಗಿ ಕಲ್ಲು ನೆಟ್ಟು ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಗೊರವ ಉಂಡರೆ ಅವನಿಗೆ ಪಾಪವೆಂದೂ ಬರೆಸಿದರು. ಆತಕೂರು ಈಗ ಮಂಡ್ಯ ಜಿಲ್ಲೆಯಲ್ಲಿದೆ; ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪೂಜೆ ನಿಂತಿದೆ. ಆ ಪಾಪ ಈಗ ಯಾರ ಲೆಕ್ಕಕ್ಕೆ ಜಮೆಯಾಗುತ್ತಿದೆಯೋ!

ನಮ್ಮ ಕಲ್ಲನ್ನೂ ಸಂಗ್ರಹಾಲಯಕ್ಕೆ ಕೊಡಬೇಕೆಂದು ನಾನು ಮೊದಲು ಹಟ ಹಿಡಿದಿದ್ದೆ. ಹೊಸ ಬಚ್ಚಲಿಗೂ ಅದನ್ನೇ ಹಾಸಬೇಕೆಂಬುದು ಅಣ್ಣನ ಲೆಕ್ಕ. ಅಷ್ಟು ಗಟ್ಟಿ ಕಲ್ಲು ಈಗ ಎಲ್ಲಿ ಸಿಕ್ಕೀತು? ಮಾತಿಗೆ ಮಾತು ಬೆಳೆಯಿತು. "ಪುಸ್ತಕ ಓದಿದವನಿಗೆ ಮನೆ ಕಟ್ಟುವ ಕಷ್ಟ ಏನು ಗೊತ್ತು" ಎಂದು ಅವನು. ನಾನೂ ಆಡಬಾರದ ಒಂದು ಮಾತನ್ನು ಆಡಿದೆ. ಅವ್ವ ಇಬ್ಬರಿಗೂ ಏನೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಕಲ್ಲನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಮೇಲಿನ ಲಿಂಗಕ್ಕೆ ಅರಿಸಿನ ಕುಂಕುಮ ಇಟ್ಟು, ಒಂದು ಕಣಗಿಲೆ ಹೂ ಏರಿಸಿದ್ದಳು. "ಯಾರ ಮನೆಯ ಮಗನೋ ಏನೋ. ದನ ಕಾಯೋಕೆ ಹೋಗಿ ಸತ್ತವನ ಮೇಲೆ ಇಷ್ಟು ದಿನ ಕೊಳೆನೀರು ಹುಯ್ದೆವಲ್ಲಪ್ಪ" ಎಂದಳು. ಎಂ.ಎ. ಓದದೆಯೇ ಆ ಎರಡು ಹಸುಗಳ ಅರ್ಥ ಅವಳಿಗಾಗಿತ್ತು.

ಕಲ್ಲು ಈಗ ಹಿತ್ತಿಲ ಹೊಂಗೆಯ ಮರದಡಿ ನಿಂತಿದೆ. ಬೋರಲಾಗಿ ಬಿದ್ದಿದ್ದರಿಂದ ಬಿಸಿಲು ಮಳೆ ತಾಕದೆ ಚಿತ್ರಗಳು ಉಳಿದಿವೆ. ಮುತ್ತಜ್ಜ ಅರಿಯದೆ ಮಾಡಿದ ಉಪಕಾರವಿದು. ಬರಹ ಮಾತ್ರ ಸವೆದಿದೆ. "ನಮ್ಮೂರಲ್ಲಿ ಅಂಥದ್ದೇನೂ ಇಲ್ಲ" ಎಂದಿದ್ದ ಹುಡುಗನೊಬ್ಬನನ್ನು ಕರೆದೊಯ್ದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆದೆವು. 'ತುಱು' ಎಂಬೆರಡು ಅಕ್ಷರ ಸ್ಪಷ್ಟ, ತುಱುವೆಂದರೆ ದನ. ಮುಂದೆ ಹೆಸರಿರಬೇಕಾದ ಕಡೆ ಚಕ್ಕೆ ಎದ್ದಿದೆ. ಕೊನೆಯ 'ಯ್ಯ' ಮಾತ್ರ ಉಳಿದಿದೆ. ಅಕ್ಷರಗಳ ಮೇಲೆ ಎಣ್ಣೆ ಸುರಿಯಬೇಡವೆಂದು ಅವ್ವನಿಗೆ ಹೇಳಿಬಂದಿದ್ದೇನೆ. ಸೋಮವಾರಗಳಲ್ಲಿ ಅವಳಿಗೆ ಅದು ಮರೆತುಹೋಗುತ್ತದೆ.

ಅಣ್ಣ ಪೇಟೆಯಿಂದ ಕಡಪಾ ಕಲ್ಲು ತಂದು ಬಚ್ಚಲು ಮುಗಿಸಿದ. ತಿಂಗಳೊಪ್ಪತ್ತು ನನ್ನೊಡನೆ ಮಾತಿರಲಿಲ್ಲ. ಈಗ ಭಾನುವಾರ ಭಾನುವಾರ ಫೋನು ಮಾಡುತ್ತಾನೆ, ಮಳೆ, ಭತ್ತದ ಬೆಲೆ ಎಲ್ಲ ಆದ ಮೇಲೆ, ಇಡುವ ಮುನ್ನ, ಏನೋ ನೆನಪಾದವನಂತೆ ಕೇಳುತ್ತಾನೆ: "ಅವನ ಹೆಸರೇನಾದರೂ ಗೊತ್ತಾಯ್ತೇನೋ?"