ರೊಟ್ಟಿ, ಚವಳಿಕಾಯಿ, ಶುಗರ್

ಹಿಂದೆ ಸುರಪುರ ಕಡೆಯ ನಮ್ಮ ಮನೆಗಳಲ್ಲಿ ಅನ್ನ ಮಾಡಿದರೆಂದರೆ ಹಬ್ಬ, ಇಲ್ಲವೇ ಯಾರಿಗೋ ಜ್ವರ. ಉಳಿದ ದಿನ ಜೋಳದ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ, ಕೈಯಲ್ಲಿ ಗುದ್ದಿ ಒಡೆದ ಉಳ್ಳಾಗಡ್ಡಿ. ಆರೋಗ್ಯಕ್ಕೆಂದು ಯಾರೂ ಅದನ್ನು ತಿನ್ನುತ್ತಿರಲಿಲ್ಲ. ಎರಿ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ ಬರುತ್ತಿತ್ತು, ಬಂದದ್ದನ್ನು ತಿಂದರು. ಆ ಕಾಲವನ್ನು ಹೊಗಳುವ ಉಮೇದು ನನಗಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗಳಿಗೆ ಕೀಲಿ ಬಿದ್ದು ಜನ ಗುಳೆ ಹೋಗುತ್ತಿದ್ದರು. ರೊಟ್ಟಿ ಬಡಿದವರು ಕೊನೆಗೆ ಉಣ್ಣುತ್ತಿದ್ದರು. ಬುಟ್ಟಿಯಲ್ಲಿ ಏನಾದರೂ ಉಳಿದಿದ್ದರೆ.

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿದಲ್ಲೆಲ್ಲ ಭತ್ತ ನಿಂತಿತು. 2013ರಲ್ಲಿ ಅನ್ನಭಾಗ್ಯ ಶುರುವಾದಾಗ ಅಕ್ಕಿ ಕಿಲೋಗೆ ಒಂದು ರೂಪಾಯಿ. ಹಸಿವಿನ ಹೆದರಿಕೆ ಹೋಯಿತು, ಅದು ಸಣ್ಣ ಮಾತಲ್ಲ. ಅದರ ಜೊತೆಗೆ ಮುಂಜಾನೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿಗೂ ಅದೇ. ಪಲ್ಯ ತಾಟಿನ ಅಂಚಿಗೆ ಸರಿದು ಉಪ್ಪಿನಕಾಯಿಯಷ್ಟಾಯಿತು.

ಈಗ ಯಾದಗಿರಿಯ ಬಸ್ಸಿನಲ್ಲಿ ಪಕ್ಕ ಕೂತವರು ಮಳೆ ಬೆಳೆ ಕೇಳಿ ಮುಗಿಸುವಷ್ಟರಲ್ಲಿ "ನಿಮಗ ಶುಗರ್ ಎಷ್ಟೈತ್ರಿ?" ಎನ್ನುತ್ತಾರೆ. ಅಂಗಡಿಗಳಲ್ಲಿ ಮೆಂತ್ಯದ ಪುಡಿ, ನೇರಳೆ ಬೀಜದ ಪುಡಿ, ಹಾಗಲಕಾಯಿ ರಸ ಸಾಲಾಗಿ ಕೂತಿವೆ. 'ಶುಗರ್ ಫ್ರೀ ಅಕ್ಕಿ' ಎಂಬ ಚೀಲವೂ ಸಿಗುತ್ತದೆ. ಸಕ್ಕರೆಯಾಗದ ಅಕ್ಕಿ ಎಲ್ಲಿಯದೋ! 2025ರ ಮಾರ್ಚಿನಲ್ಲಿ ಶುಗರ್, ತೂಕ ಇಳಿಸುವ, ಜಿಎಲ್‌ಪಿ-1ರಂತೆ ಕೆಲಸ ಮಾಡುವ ಮೌಂಜಾರೋ ಇಂಜೆಕ್ಷನ್ ಭಾರತಕ್ಕೆ ಬಂತು. 'ನೈಸರ್ಗಿಕ ಜಿಎಲ್‌ಪಿ-1' ಎಂದು ಹೇಳಿಕೊಳ್ಳುವ ಡಬ್ಬಿಗಳೂ ಮೊಬೈಲಿನಲ್ಲಿ ಕಾಣುತ್ತವೆ.

ಜಿಎಲ್‌ಪಿ-1 ನಮ್ಮ ಕರುಳೇ ಬಿಡುವ ಹಾರ್ಮೋನು. ಉಂಡ ಮೇಲೆ ಅದು ಇನ್ಸುಲಿನ್ನನ್ನು ಎಬ್ಬಿಸುತ್ತದೆ, ಹೊಟ್ಟೆ ಬೇಗ ಖಾಲಿಯಾಗದಂತೆ ತಡೆಯುತ್ತದೆ, ಮಿದುಳಿಗೆ ಸಾಕು ಎಂದು ತಿಳಿಸುತ್ತದೆ. ಬಿಟ್ಟ ಎರಡೇ ನಿಮಿಷದಲ್ಲಿ ಅರ್ಧ ಕರಗಿಹೋಗುತ್ತದೆ. ಇಂಜೆಕ್ಷನ್ನಿನ ಅಣುವನ್ನು ಹಾಗೆ ಕರಗದಂತೆ ಕಟ್ಟಿದ್ದಾರೆ, ವಾರಕ್ಕೊಂದು ಸೂಜಿ ಸಾಕು. ಯಾವ ಪುಡಿಯೂ ಅದಕ್ಕೆ ಸಮವಲ್ಲ. ಸಮ ಎಂದು ಮಾರುವವರನ್ನು ನಾನು ನಂಬುವುದಿಲ್ಲ.

ಹಾಗೆಂದು ಮೆಂತ್ಯ ಸುಳ್ಳಲ್ಲ. ಒಂದು ಚಮಚ ಕಾಳನ್ನು ರಾತ್ರಿ ನೆನೆಹಾಕಿ ಮುಂಜಾನೆ ಬೆರಳಾಡಿಸಿ ನೋಡಿ: ಕಾಳು ಉಬ್ಬಿ, ನೀರು ದಪ್ಪಗಾಗಿ, ಲೋಳೆ ಎಳೆಎಳೆಯಾಗಿ ಬೆರಳಿಗೆ ಹತ್ತಿ ಬರುತ್ತದೆ. ಹೊಟ್ಟೆಯಲ್ಲೂ ಅದು ಹಾಗೇ ಹರಡಿ, ಪಿಷ್ಟ ಸಕ್ಕರೆಯಾಗಿ ರಕ್ತಕ್ಕೆ ಇಳಿಯುವುದನ್ನು ತಡ ಮಾಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರ ದಶಕದಲ್ಲಿ ದಿನಕ್ಕೆ 25 ಗ್ರಾಂ ಮೆಂತ್ಯ ತಿನ್ನಿಸಿ ಪರೀಕ್ಷಿಸಿದ್ದರು. 25 ಗ್ರಾಂ ಅಂದರೆ ಒಂದು ಹಿಡಿ ಕಹಿ; ಕ್ಯಾಪ್ಸೂಲಿನಲ್ಲಿ ಎಷ್ಟು ಹಿಡಿಸೀತು? ಮಾತ್ರೆ ನುಂಗುವವರು ಅಷ್ಟು ಮೆಂತ್ಯವನ್ನೂ ತಿಂದರೆ ಸಕ್ಕರೆ ತೀರಾ ಇಳಿದು ತಲೆ ತಿರುಗಬಹುದು, ಡಾಕ್ಟರಿಗೆ ಹೇಳಿಯೇ ತಿನ್ನಬೇಕು. ಚವಳಿಕಾಯಿಯ (ಗೋರಿಕಾಯಿಯ) ಬೀಜದಲ್ಲಿರುವುದೂ ಅದೇ ಜಾತಿಯ ಅಂಟು. ಅಗಸಿಯಲ್ಲೂ ಲೋಳೆಯಿದೆ. ಈ ಲೋಳೆ ನಾರಿನಲ್ಲಿ ಒಂದಷ್ಟು ದೊಡ್ಡಕರುಳಿನಲ್ಲಿ ಹುಳಿತು ಅಲ್ಲಿಯ ಜಿಎಲ್‌ಪಿ-1 ಕೋಶಗಳನ್ನು ಕೆಣಕುತ್ತದೆ.

ಎಳ್ಳಮಾಸಿಯ (ಎಳ್ಳು ಅಮಾವಾಸ್ಯೆಯ) ಭಜ್ಜಿ ಈ ಲೆಕ್ಕದಲ್ಲಿ ಪಕ್ಕಾ: ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯಸೊಪ್ಪು ಕೂಡಿಸಿ ಕುದಿಸಿದ್ದು, ಜೊತೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಹೊಲಕ್ಕೆ ಎಡೆಯ ಚರಗ ಚೆಲ್ಲಿ ಅಲ್ಲೇ ಕೂತು ಉಂಡವರಿಗೆ ಸಂಜೆತನಕ ಹಸಿವಿನ ನೆನಪಾಗುತ್ತಿರಲಿಲ್ಲ. ಕಾಳು, ಸೊಪ್ಪು ಮೊದಲು, ಅನ್ನ ಕೊನೆಗೆ ಉಂಡರೆ ಸಕ್ಕರೆ ಅಷ್ಟು ಜಿಗಿಯುವುದಿಲ್ಲವೆಂದು ಈಗಿನ ಅಧ್ಯಯನಗಳು ಹೇಳುತ್ತವೆ. ಔತಣದ ಊಟದಲ್ಲಿ ಹೋಳಿಗೆಯನ್ನೇ ಮೊದಲು ಬಡಿಸುವ ನಮಗೆ ಇದು ಒಗ್ಗುವುದು ಕಷ್ಟ.

ರೊಟ್ಟಿಯನ್ನೂ ದೇವರಾಗಿಸಬೇಕಿಲ್ಲ. ಜೋಳವೂ ಪಿಷ್ಟವೇ. "ಅನ್ನ ಬಿಡ್ರಿ, ರೊಟ್ಟಿ ತಿನ್ರಿ" ಎಂದು ಡಾಕ್ಟರು ಹೇಳಿದ್ದೇ ತಡ, ನಮ್ಮ ಸಂಬಂಧಿಯೊಬ್ಬರು ಐದು ರೊಟ್ಟಿ ಸಾರಿಗೆ ಮುರಿದು ಹಾಕಿಕೊಂಡು ಉಂಡರು; ಮೀಟರು ಇಳಿಯಲೇ ಇಲ್ಲ. ಎರಡು ರೊಟ್ಟಿಗೆ ತಾಟಿನ ಅರ್ಧದಷ್ಟು ಚವಳಿಕಾಯಿ ಪಲ್ಯ ಬೇಕು. ಹಿಂದೆ ಹೊಲದ ಕೆಲಸ ಐದು ರೊಟ್ಟಿಯನ್ನೂ ಅರಗಿಸುತ್ತಿತ್ತು, ಕಿರಾಣಿ ಅಂಗಡಿಯ ಗಲ್ಲೆಯಲ್ಲಿ ಕೂತವರಿಗೆ ಆ ಲೆಕ್ಕ ನಡೆಯದು.

ಮತ್ತೆ ಆ ರೊಟ್ಟಿ ಬಡಿಯುವವರಾರು? ಕುದಿನೀರಿಗೆ ಹಿಟ್ಟು ಹಾಕಿ, ಸುಡುಸುಡುವಾಗಲೇ ನಾದಿ, ಒಂದೊಂದನ್ನೇ ಬಡಿದು ಬೇಯಿಸಬೇಕು. ಕೆಲಸಕ್ಕೆ ಹೋಗುವ ಸೊಸೆಯಂದಿರಿಗೆ ಅಷ್ಟು ಹೊತ್ತಿಲ್ಲ; ಕುಕ್ಕರಿನ ಅನ್ನ ಮೂರು ಸೀಟಿಗೆ ಮುಗಿಯುತ್ತದೆ. ಗಂಡಸರಂತೂ ರೊಟ್ಟಿ ಬಡಿಯಲು ಕಲಿತಿಲ್ಲ. ಶಹಾಪುರ, ಯಾದಗಿರಿಯಲ್ಲಿ ಗರಿಗರಿ ಕಟಿರೊಟ್ಟಿ ಕಟ್ಟುಕಟ್ಟಾಗಿ ಮಾರುತ್ತಾರೆ, ಕೊಳ್ಳುವ ಶಕ್ತಿ ಇದ್ದವರು ಒಯ್ಯುತ್ತಾರೆ. ಉಳಿದವರಿಗೆ ರೇಷನ್ ಅಕ್ಕಿಯೇ ಗತಿ.