ಬೆಥೆಸ್ಡಾದಿಂದ ಬಂದ ಓಲೆ: ನಿಜವೋ, ಸೋಗೋ?

ವಾಷಿಂಗ್ಟನ್ ನಗರವನ್ನು ನೋಡಿ ಬಂದ ನಮ್ಮವರು ಶ್ವೇತಭವನವನ್ನು ವರ್ಣಿಸುವರು. ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ತೆಗೆಸಿಕೊಂಡ ಭಾವಚಿತ್ರಗಳನ್ನು ಮನೆಗೆ ಬಂದವರಿಗೆಲ್ಲ ತೋರಿಸುವರು. ಆ ನಗರದ ವಾಯವ್ಯದ ಅಂಚಿಗೆ ಹೊಂದಿಕೊಂಡು, ಮೇರಿಲ್ಯಾಂಡ್ ರಾಜ್ಯದ ಎಲ್ಲೆಯೊಳಗಿರುವ ಬೆಥೆಸ್ಡಾ ಎಂಬ ಊರನ್ನು ನೋಡಿದೆವೆಂದು ಹೇಳುವವರು ಮಾತ್ರ ವಿರಳ. ಕಣ್ಣರಳಿಸಿ ನೋಡುವಂಥ ಅದ್ಭುತಗಳು ಅಲ್ಲಿ ಹೆಚ್ಚಾಗಿಲ್ಲವೆಂಬುದೂ ನಿಜವೇ. ಆದರೆ ಪ್ರಪಂಚದ ಯಾವುದೋ ಮಹಾನಗರದ ದೊಡ್ಡ ತಂಗುದಾಣದಲ್ಲಿ ಒಂದೇ ಒಂದು ರಾತ್ರಿ ಮಲಗೆದ್ದ ಪ್ರಯಾಣಿಕನ ಹೆಸರು, ವಿಳಾಸಗಳು ಈ ಊರಿನ ಒಂದು ಕಂಪೆನಿಯ ಲೆಕ್ಕದಲ್ಲಿ ಸೇರಿರುವ ಸಂಭವ ಉಂಟು. ೨೦೧೮ರ ನವೆಂಬರ್ ೩೦ರಿಂದ ಆ ಕಂಪೆನಿಯ ಹೆಸರಿನಲ್ಲಿ ದೇಶದೇಶಗಳ ಅತಿಥಿಗಳಿಗೆ ಒಂದು ಓಲೆ ಹೊರಟಿತು. ಅದನ್ನು ಓದಿದ ಎಷ್ಟೋ ಮಂದಿಗೆ ‘ನನ್ನದೇನು ಕಳುವಾಯಿತು?’ ಎಂಬ ಪ್ರಶ್ನೆಗಿಂತ ಮೊದಲು ಹುಟ್ಟಿದ ಪ್ರಶ್ನೆ, ‘ಈ ಓಲೆಯೇ ನಿಜವೋ, ಸೋಗೋ?’ ಎಂಬುದು. ಆ ಓಲೆಯ ಊರನ್ನು ಕಣ್ಣಾರೆ ನೋಡಬೇಕೆಂಬ ಕುತೂಹಲ ನನ್ನನ್ನು ಅಲ್ಲಿಗೆ ಎಳೆದೊಯ್ದಿತು.

ಕರುಣೆಯ ಮನೆ

ಮಗಳ ಮನೆಯಿರುವ ರಾಕ್‌ವಿಲ್‌ನಿಂದ ಮೆಟ್ರೋ ರೈಲಿನ ಕೆಂಪು ಮಾರ್ಗವನ್ನು ಹಿಡಿದರೆ ಬೆಥೆಸ್ಡಾ ಐದಾರು ನಿಲ್ದಾಣಗಳಷ್ಟೇ ದೂರ. ಅದರ ಹಿಂದಿನ ನಿಲ್ದಾಣದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವಿಶಾಲವಾದ ಆವರಣವಿದೆ. ಬೆಥೆಸ್ಡಾದಲ್ಲಿ ಇಳಿದವನು ಭೂಗರ್ಭದಿಂದ ಮೇಲೇರಬೇಕಾದ ಚಲಿಸುವ ಮೆಟ್ಟಿಲಿನ ಉದ್ದ ೨೧೨ ಅಡಿ. ಮೊದಲ ಸಲ ಅದರ ಮೇಲೆ ಕಾಲಿಟ್ಟವರು ಕಂಬಿಯನ್ನು ಭದ್ರವಾಗಿ ಹಿಡಿದುಕೊಳ್ಳುವುದು ಒಳ್ಳೆಯದು. ನನ್ನ ಹೆಂಡತಿಯಂತೂ ಮೇಲೆ ತಲಪುವವರೆಗೆ ಕಣ್ಣು ಮುಚ್ಚಿಕೊಂಡೇ ಇದ್ದಳು.

ಊರಿನ ಹೆಸರು ಬೈಬಲ್ಲಿನದು. ಜೆರೂಸಲೆಮಿನಲ್ಲಿ ರೋಗಿಗಳು ಗುಣ ಹೊಂದಲು ಕಾದು ಕುಳಿತಿರುತ್ತಿದ್ದ ಕೊಳದ ಹೆಸರು ಬೆಥೆಸ್ಡಾ. ‘ಕರುಣೆಯ ಮನೆ’ ಎಂದು ಅದಕ್ಕೆ ಅರ್ಥ ಹೇಳುವರು. ಆ ಹೆಸರಿನ ಒಂದು ಚರ್ಚಿನಿಂದ ಈ ಊರಿಗೂ ಹೆಸರಾಯಿತು.

ಊರಿನ ಹೆದ್ದಾರಿಯಾದ ವಿಸ್ಕಾನ್ಸಿನ್ ಅವೆನ್ಯೂದ ಪಕ್ಕದಲ್ಲಿ ಒಬ್ಬ ತಾಯಿಯ ಕಲ್ಲಿನ ಪ್ರತಿಮೆಯಿದೆ. ಒಂದು ಕೈಯಲ್ಲಿ ಹಸುಗೂಸು, ಇನ್ನೊಂದರಲ್ಲಿ ಬಂದೂಕು. ಸೆರಗು ಹಿಡಿದಂತೆ ಲಂಗಕ್ಕೆ ಜೋತುಬಿದ್ದ ಮತ್ತೊಂದು ಮಗು. ಪಶ್ಚಿಮದ ಕಡೆಗೆ ವಲಸೆ ಹೋದ ತಾಯಂದಿರ ನೆನಪಿಗಾಗಿ, ಹಳೆಯ ಪ್ರಯಾಣದ ದಾರಿಯುದ್ದಕ್ಕೂ ಇಂಥ ೧೨ ಪ್ರತಿಮೆಗಳನ್ನು ನಿಲ್ಲಿಸಿದ್ದಾರೆ. ಬೆಥೆಸ್ಡಾದ ಪ್ರತಿಮೆ ೧೯೨೯ರದು. ಆ ತಾಯಿಗೆ ದಾರಿಯಲ್ಲಿ ಛತ್ರವಿರಲಿಲ್ಲ. ಹೆಸರು ಬರೆಸಿಕೊಳ್ಳುವ ಗುಮಾಸ್ತನೂ ಇರಲಿಲ್ಲ. ಅವಳ ಅಂಜಿಕೆಯೆಲ್ಲ ಕತ್ತಲೆಯದು, ಕಾಡಿನದು. ಅದೇ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ಇಂದಿನ ಪ್ರಯಾಣಿಕನ ಆಶ್ರಯದಾತನಾದ ಮ್ಯಾರಿಯಟ್ ಕಂಪೆನಿಯ ಕೇಂದ್ರ ಕಚೇರಿ, ೨೦೨೨ರಲ್ಲಿ ತೆರೆದ ೨೧ ಅಂತಸ್ತುಗಳ ಭವನ, ಕಾಣುವುದು.

ಒಂಬತ್ತು ಆಸನಗಳ ಅಂಗಡಿ

ನಮ್ಮ ನಾಡಿನ ಮಾತಿನಲ್ಲಿ ಹೋಟೆಲೆಂದರೆ ಇಡ್ಲಿ, ದೋಸೆ, ಕಾಫಿಗಳ ಮನೆ. ಮಲಗುವುದಕ್ಕೆ ಲಾಡ್ಜು ಬೇರೆ. ಮ್ಯಾರಿಯಟ್ಟರ ಕಥೆಗೆ ನಮ್ಮ ಈ ವಿಂಗಡಣೆಯೇ ಚೆನ್ನಾಗಿ ಒಪ್ಪುವುದು. ವಿಲ್ಲರ್ಡ್ ಮ್ಯಾರಿಯಟ್ ಮತ್ತು ಅವರ ಪತ್ನಿ ಆಲಿಸ್ ೧೯೨೭ರಲ್ಲಿ ವಾಷಿಂಗ್ಟನ್ನಿನಲ್ಲಿ ತೆರೆದದ್ದು ಒಂಬತ್ತು ಆಸನಗಳ ಒಂದು ತಂಪು ಪಾನೀಯದ ಅಂಗಡಿ. ಚಳಿಗಾಲ ಬಂದಾಗ ತಣ್ಣನೆಯ ಪಾನೀಯವನ್ನು ಯಾರು ಕುಡಿದಾರು? ಬಿಸಿ ತಿಂಡಿಗಳನ್ನೂ ಮಾಡತೊಡಗಿದರು. ಮೂವತ್ತು ವರ್ಷಗಳ ಬಳಿಕ, ೧೯೫೭ರಲ್ಲಿ, ನಗರದ ಹೊಳೆಯಾಚೆಯ ಆರ್ಲಿಂಗ್ಟನ್ನಿನಲ್ಲಿ ಮೊದಲ ತಂಗುದಾಣವನ್ನು ಕಟ್ಟಿದರು. ಹೀಗೆ ಹೋಟೆಲು ಲಾಡ್ಜಾಯಿತು. ಒಂದು ಲಾಡ್ಜು ಸಾವಿರಾರಾಯಿತು. ೨೦೧೬ರ ಸೆಪ್ಟೆಂಬರಿನಲ್ಲಿ ಸ್ಟಾರ್‌ವುಡ್ ಎಂಬ ಇನ್ನೊಂದು ದೊಡ್ಡ ಕಂಪೆನಿಯನ್ನೂ ಕೊಂಡುಕೊಂಡ ಮೇಲೆ ಶೆರಟನ್, ವೆಸ್ಟಿನ್ ಮೊದಲಾದ ಹೆಸರುಗಳೆಲ್ಲ ಈ ಒಂದೇ ಸೂರಿನ ಕೆಳಗೆ ಬಂದವು.

ಆದರೆ ಕೊಂಡ ಮನೆಯ ಅಟ್ಟದ ಮೇಲೆ ಆಗಲೇ ಕಳ್ಳನೊಬ್ಬ ಅಡಗಿ ಕುಳಿತಿದ್ದ! ಸ್ಟಾರ್‌ವುಡ್‌ನ ಅತಿಥಿಗಳ ವಿವರಗಳಿದ್ದ ಗಣಕ ಭಂಡಾರಕ್ಕೆ ೨೦೧೪ರಲ್ಲಿಯೇ ಯಾರೋ ಕನ್ನ ಹಾಕಿದ್ದರು. ಮನೆ ಕೈ ಬದಲಾಯಿತು, ಕಳ್ಳನ ಸಂಚಾರ ಮಾತ್ರ ನಿಲ್ಲಲಿಲ್ಲ. ಸುಳಿವು ಸಿಕ್ಕಿದ್ದು ೨೦೧೮ರ ಸೆಪ್ಟೆಂಬರ್ ೮ರಂದು. ಕದ್ದದ್ದು ಅತಿಥಿಗಳ ವಿವರವೇ ಎಂದು ಖಚಿತವಾದದ್ದು ನವೆಂಬರ್ ೧೯ರಂದು. ಜಗತ್ತಿಗೆ ತಿಳಿಸಿದ್ದು ೩೦ರಂದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ?

ಮೊದಲು ೫೦ ಕೋಟಿ ಅತಿಥಿಗಳವರೆಗೆ ಇರಬಹುದೆಂದರು. ೨೦೧೯ರ ಜನವರಿಯಲ್ಲಿ ಲೆಕ್ಕವನ್ನು ತಿದ್ದಿ, ೩೮ ಕೋಟಿ ೩೦ ಲಕ್ಷ ದಾಖಲೆಗಳಿಗಿಂತ ಹೆಚ್ಚಿಲ್ಲವೆಂದರು. ಹೆಸರು, ವಿಳಾಸ, ದೂರವಾಣಿ, ಹುಟ್ಟಿದ ದಿನ, ಬಂದ ದಿನ, ಹೋದ ದಿನ ಮುಂತಾದ ವಿವರಗಳು ಅದರಲ್ಲಿದ್ದವು. ಗೂಢಲಿಪಿಯ ಮರೆಯೂ ಇಲ್ಲದೆ ಇದ್ದ ಪಾಸ್‌ಪೋರ್ಟ್ ಸಂಖ್ಯೆಗಳೇ ಸುಮಾರು ೫೨ ಲಕ್ಷ ೫೦ ಸಾವಿರ. ಪರದೇಶದಲ್ಲಿ ಪಾಸ್‌ಪೋರ್ಟನ್ನು ಎದೆಗವಚಿಕೊಂಡು ಓಡಾಡುವ ನಮ್ಮಂಥವರಿಗೆ ಈ ಒಂದು ಅಂಕಿ ಸಾಕು, ನಿದ್ದೆ ಕೆಡಿಸುವುದಕ್ಕೆ.

ಯಜಮಾನನ ಓಲೆ, ಅಪರಿಚಿತ ಮುದ್ರೆ

ಇಷ್ಟು ದೊಡ್ಡ ಸುದ್ದಿಯನ್ನು ಹೊತ್ತು ತಂದ ಮಿಂಚಂಚೆಯಾದರೂ ನಂಬಿಕೆ ಹುಟ್ಟಿಸುವಂತೆ ಬಂದಿತೇ? ಇಲ್ಲ. ಕಂಪೆನಿ ಎಂದಿನಿಂದ ಬಳಸುತ್ತಿದ್ದ ಜಾಲತಾಣದ ಹೆಸರಿನಿಂದ ಅದು ಬರಲಿಲ್ಲ. ‘ಈಮೇಲ್’ ಎಂಬ ಮಾತಿಗೆ ಒಂದು ಅಡ್ಡಗೆರೆ ಹಾಕಿ ‘ಮ್ಯಾರಿಯಟ್’ ಎಂದು ಅಂಟಿಸಿದ ಬೇರೊಂದು ವಿಳಾಸದಿಂದ ಬಂದಿತು. ಆ ವಿಳಾಸವನ್ನು ನೋಂದಾಯಿಸಿದ್ದುದು ಕಂಪೆನಿಯ ಪರವಾಗಿ ಮತ್ತೊಂದು ಸಂಸ್ಥೆ. ಆ ತಾಣವನ್ನು ತೆರೆದು ನೋಡೋಣವೆಂದು ಹೋದವರಿಗೆ ಅಲ್ಲಿ ಏನೂ ಕಾಣಲಿಲ್ಲ. ಮೋಸಗಾರರು ಬಳಸುವ ವಿಳಾಸಗಳೂ ಇದೇ ಜಾತಿಯವು: ಒಂದು ಗೆರೆ ಹೆಚ್ಚು, ಒಂದು ಅಕ್ಷರ ಕಡಿಮೆ. ಅಪಾಯವನ್ನರಿತ ಭದ್ರತಾ ತಜ್ಞರು ಕೆಲವರು, ಆ ವಿಳಾಸಕ್ಕೆ ಒಂದಕ್ಷರ ಮಾತ್ರ ವ್ಯತ್ಯಾಸವಿರುವ ಹೆಸರುಗಳನ್ನು ಕಳ್ಳರಿಗಿಂತ ಮುಂಚೆ ತಾವೇ ಕೊಂಡಿಟ್ಟುಕೊಂಡರು.

ಓಲೆ ನಿಜವಾಗಿತ್ತು. ಅದರಲ್ಲಿ ಲಗತ್ತುಗಳಿರುವುದಿಲ್ಲ, ಅತಿಥಿಗಳಿಂದ ಯಾವ ವಿವರವನ್ನೂ ಕೇಳುವುದಿಲ್ಲ ಎಂದು ಕಂಪೆನಿ ತನ್ನ ತಾಣದಲ್ಲಿ ಪ್ರಕಟಿಸಿಯೂ ಇತ್ತು. ಆದರೆ ಆ ಪ್ರಕಟಣೆಯನ್ನು ಹುಡುಕಿ ಓದುವ ತಾಳ್ಮೆ ಎಷ್ಟು ಮಂದಿಗೆ ಇದ್ದೀತು? ಸೋಗೆಂದು ಅಳಿಸಿ ಹಾಕಿದವನಿಗೆ ಎಚ್ಚರಿಕೆ ತಪ್ಪಿತು. ನಿಜವೆಂದು ನಂಬಿ ಒತ್ತಿದವನು, ಮುಂದೆ ಅಂಥದೇ ವಿಳಾಸದಿಂದ ಬರುವ ಮೋಸದ ಓಲೆಯನ್ನೂ ನಂಬುವ ಪಾಠವನ್ನು ಕಲಿತಂತಾಯಿತು. ಈ ಎರಡು ಹಾನಿಗಳಿಗೂ ಓದಿದವನನ್ನು ದೂರುವುದು ನ್ಯಾಯವಲ್ಲ. ಗುರುತು ಸಿಕ್ಕುವಂತೆ ಬರೆಯಬೇಕಾದ ಹೊಣೆ ಬರೆದವನದು.

ಊಟದ ಮೇಜಿನ ಚರ್ಚೆ

ನಾವು ರಾಕ್‌ವಿಲ್‌ನಲ್ಲಿದ್ದಾಗಲೇ ಇಂಥದೊಂದು ಓಲೆ ಅಳಿಯನಿಗೆ ಬಂದಿತು. ಬರೆದದ್ದು ಬೆಥೆಸ್ಡಾದವರಲ್ಲ, ಎರಡು ವರ್ಷಗಳ ಹಿಂದೆ ಅವರು ನಯಾಗರಾ ಜಲಪಾತವನ್ನು ನೋಡಲು ಹೋದಾಗ ದಾರಿಯಲ್ಲಿ ತಂಗಿದ್ದ ಒಂದು ಸಣ್ಣ ಹೋಟೆಲಿನವರು. ಹೆಸರು ಇಲ್ಲಿ ಬೇಡ. ‘ನಿಮ್ಮ ಹೆಸರು, ವಿಳಾಸ, ತಂಗಿದ್ದ ದಿನಗಳು ಅನ್ಯರ ಕೈ ಸೇರಿರಬಹುದು, ವಿಷಾದಿಸುತ್ತೇವೆ’ ಎಂಬುದು ಅದರ ಸಾರಾಂಶ.

“ಯಾವನೋ ಕಳ್ಳ ಬರೆದದ್ದು ಅಳಿಯಂದಿರೇ, ಅದನ್ನು ಮುಟ್ಟಬೇಡಿ” ಎಂದಳು ನನ್ನ ಹೆಂಡತಿ, ಸಾರಿನ ಪಾತ್ರೆಯನ್ನು ಕೆಳಗಿಡುತ್ತ.

“ನಾವು ತಂಗಿದ್ದ ದಿನ ಸರಿಯಾಗಿಯೇ ಇದೆಯಲ್ಲ ಅತ್ತೆ! ಅವರಿಗಲ್ಲದೆ ಬೇರೆ ಯಾರಿಗೆ ಗೊತ್ತಿರುತ್ತದೆ?”

ಮಗಳು ನಕ್ಕಳು. “ಕದ್ದವನಿಗೂ ಗೊತ್ತಿರುತ್ತದೆ. ಕದ್ದದ್ದೇ ಅದನ್ನಲ್ಲವೆ?”

ನಾನು ಸುಮ್ಮನಾದೆ. ಅಶೋಕವನದಲ್ಲಿ ಕುಳಿತ ಸೀತಾದೇವಿಯ ನೆನಪು ಬಂದಿತು. ಸನ್ಯಾಸಿಯ ವೇಷವನ್ನು ನಂಬಿ ಕೆಟ್ಟವಳು, ಕಪಿರೂಪದಿಂದ ಬಂದ ದೂತನನ್ನು ಒಂದೇ ಮಾತಿಗೆ ನಂಬಿಯಾಳೇ? ಇವನೂ ರಾವಣನ ಮಾಯೆಯಿರಬಹುದೆಂದು ಶಂಕಿಸಿದಳು. ಹನುಮಂತನು ರಾಮನ ಲಕ್ಷಣಗಳನ್ನು ಹೇಳಿದನು, ಮುದ್ರೆಯುಂಗುರವನ್ನು ಕೊಟ್ಟನು. ಆಮೇಲೆಯೇ ಅವಳ ಸಂದೇಹ ಹರಿಯಿತು. ನಮ್ಮ ಕಾಲದ ಕಷ್ಟವೇನೆಂದರೆ ಉಂಗುರವೇ ಕಳುವಾಗಿದೆ! ನಾವಿಬ್ಬರೇ ಬಲ್ಲೆವೆಂದುಕೊಂಡ ಗುಟ್ಟನ್ನು ಓಲೆ ಹೇಳಿದರೆ, ಅದು ಸ್ನೇಹಿತನ ಗುರುತೂ ಆಗಬಹುದು, ಕಳ್ಳನ ಗುರುತೂ ಆಗಬಹುದು.

ಮಗಳು ಓಲೆಯಲ್ಲಿದ್ದ ಯಾವ ಕೊಂಡಿಯನ್ನೂ ಒತ್ತಲಿಲ್ಲ. ಅದರಲ್ಲಿ ಬರೆದಿದ್ದ ದೂರವಾಣಿ ಸಂಖ್ಯೆಯನ್ನೂ ಬಳಸಲಿಲ್ಲ. ಪ್ರವಾಸದ ಕಾಗದಗಳ ಕಟ್ಟಿನಿಂದ ಹಳೆಯ ಬಿಲ್ಲನ್ನು ಹುಡುಕಿ ತೆಗೆದು, ಅದರ ಮೇಲೆ ಅಚ್ಚಾಗಿದ್ದ ಸಂಖ್ಯೆಗೆ ಫೋನು ಮಾಡಿದಳು. ಎತ್ತಿಕೊಂಡ ಹುಡುಗನಿಗೆ ವಿಷಯವೇ ತಿಳಿದಿರಲಿಲ್ಲ. ಮರುದಿನ ಮೇಲಿನವರೊಬ್ಬರು ತಾವಾಗಿ ಕರೆದು, ಓಲೆ ತಮ್ಮದೇ ಎಂದು ಒಪ್ಪಿಕೊಂಡರು.

ಅಷ್ಟಕ್ಕೇ ಮುಗಿಯಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಅದೇ ಹೋಟೆಲಿನ ಹೆಸರಿನಲ್ಲಿ ಇನ್ನೊಂದು ಸಂದೇಶ. ‘ನಿಮಗಾದ ತೊಂದರೆಗೆ ಪರಿಹಾರ ಕೊಡುತ್ತೇವೆ, ಇಂದು ರಾತ್ರಿಯೊಳಗೆ ಕಾರ್ಡಿನ ಸಂಖ್ಯೆಯನ್ನು ತುಂಬಿ ಕಳುಹಿಸಿ.’ ಇದರಲ್ಲಿಯೂ ತಂಗಿದ್ದ ದಿನ ಸರಿಯಾಗಿಯೇ ಇತ್ತು. ಭಾಷೆ ಮೊದಲಿನದಕ್ಕಿಂತ ಸೊಗಸಾಗಿತ್ತು. ಮಗಳು ಮತ್ತೆ ಬಿಲ್ಲಿನ ಸಂಖ್ಯೆಗೇ ಕರೆದು ವಿಚಾರಿಸಿದಾಗ, ಅಂಥದೇನನ್ನೂ ತಾವು ಕಳುಹಿಸಿಲ್ಲವೆಂದು ಉತ್ತರ ಬಂದಿತು. ಮೊದಲನೆಯದು ಸುದ್ದಿಯನ್ನು ಹೇಳಿ ಸುಮ್ಮನಾಗಿತ್ತು. ಎರಡನೆಯದು ಕೈ ಚಾಚಿತ್ತು, ಅವಸರವನ್ನೂ ಮಾಡಿತ್ತು. ಆದರೆ ಈ ಲಕ್ಷಣಗಳನ್ನೂ ಜಾಣ ಕಳ್ಳ ಮರೆಮಾಚಬಲ್ಲ. ಹಳೆಯ ಬಿಲ್ಲು ಹಿಡಿದು ನಮ್ಮದೇ ದಾರಿಯಿಂದ ಯಜಮಾನನ ಬಾಗಿಲು ತಟ್ಟುವುದನ್ನು ಮಾತ್ರ ಅವನು ತಪ್ಪಿಸಲಾರ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ನಮ್ಮ ಲಾಡ್ಜಿನ ದಪ್ಪ ಪುಸ್ತಕ

ಬೆಥೆಸ್ಡಾದ ಕಂಪೆನಿಗೆ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ೨೦೨೦ರ ಅಕ್ಟೋಬರಿನಲ್ಲಿ ೧ ಕೋಟಿ ೮೪ ಲಕ್ಷ ಪೌಂಡುಗಳ ದಂಡ ವಿಧಿಸಿತು. ೨೦೨೪ರ ಅಕ್ಟೋಬರಿನಲ್ಲಿ ಅಮೆರಿಕದ ೪೯ ರಾಜ್ಯಗಳಿಗೂ ರಾಜಧಾನಿ ಪ್ರದೇಶಕ್ಕೂ ಒಟ್ಟು ೫ ಕೋಟಿ ೨೦ ಲಕ್ಷ ಡಾಲರು ಕೊಡಲು ಕಂಪೆನಿ ಒಪ್ಪಿತು. ನಮ್ಮ ದೇಶದಲ್ಲಿಯೂ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ೨೦೨೩ರಲ್ಲಿ ಕಾಯಿದೆಯಾಗಿದೆ. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರಲಿವೆ. ಮಾಹಿತಿ ಸೋರಿದರೆ ಸಂಬಂಧಪಟ್ಟವರಿಗೆ ಸರಳವಾದ ಮಾತಿನಲ್ಲಿ ತಿಳಿಸಬೇಕೆಂಬುದು ಅವುಗಳಲ್ಲಿ ಒಂದು. ಎಂದರೆ ಇಂಥ ಓಲೆಗಳು ಇನ್ನು ನಮ್ಮ ಮನೆಗಳಿಗೂ ಬರುವ ಕಾಲ ದೂರವಿಲ್ಲ; ಅವುಗಳ ನೆರಳಿನಲ್ಲಿ ಸೋಗಿನ ಓಲೆಗಳೂ ಬಾರದಿರವು.

ಮೈಸೂರಿಗೋ ಮಂಗಳೂರಿಗೋ ಹೋಗಿ ಲಾಡ್ಜಿನ ಮೆಟ್ಟಿಲೇರಿದರೆ ಇಂದಿಗೂ ಎಷ್ಟೋ ಕಡೆ ಉದ್ದನೆಯ ದಪ್ಪ ಪುಸ್ತಕವೊಂದನ್ನು ಮುಂದೆ ಸರಿಸುವರು. ಹೆಸರು, ಊರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಜೊತೆಯಲ್ಲಿ ಎಷ್ಟು ಜನ. ಅದರೊಂದಿಗೆ ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿ. ಆ ಪ್ರತಿಗಳು ಕೊನೆಗೆ ಎಲ್ಲಿಗೆ ಹೋಗುವುವೆಂದು ಕೇಳುವವರಿಲ್ಲ. ಕಂಡ ಕಂಡವರಿಗೆ ಪ್ರತಿ ಕೊಡಬೇಡಿರೆಂದು ೨೦೨೨ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಎಚ್ಚರಿಸಿತ್ತು. ಜನ ಗಾಬರಿಯಾದರೆಂದು ಎರಡೇ ದಿನಗಳಲ್ಲಿ ಆ ಪ್ರಕಟಣೆಯನ್ನು ಹಿಂತೆಗೆದುಕೊಂಡರು. ಆದರೂ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ತೋರಿಸುವ ಮರೆಮಾಡಿದ ಆಧಾರ್ ಪ್ರತಿಯನ್ನು ಪ್ರಾಧಿಕಾರದ ತಾಣದಿಂದ ಯಾರು ಬೇಕಾದರೂ ಪಡೆಯಬಹುದು. ಪ್ರವಾಸಕ್ಕೆ ಪೆಟ್ಟಿಗೆ ಕಟ್ಟುವಾಗ ಅದರ ಒಂದೆರಡು ಪ್ರತಿಗಳನ್ನು ಇಟ್ಟುಕೊಂಡರೆ ಭಾರವೇನೂ ಆಗದು.

ಹಣವೇ ಹೋದರೆ ಗಳಿಗೆಯನ್ನೂ ಕಳೆಯಬಾರದು. ಬ್ಯಾಂಕಿಗೂ, ೧೯೩೦ ಎಂಬ ಸಹಾಯವಾಣಿಗೂ ಕೂಡಲೇ ತಿಳಿಸಬೇಕು. ಬರಿಯ ಓಲೆ ಬಂದಿದ್ದರೆ ಅವಸರಕ್ಕೆ ಕಾರಣವಿಲ್ಲ. ಇನ್ನು ಹೋಟೆಲಿನ ಹಳೆಯ ಬಿಲ್ಲನ್ನು, ಪ್ರವಾಸ ಮುಗಿಯಿತೆಂದು ಹರಿದು ಹಾಕದೆ, ಒಂದೆರಡು ವರ್ಷವಾದರೂ ಇಟ್ಟುಕೊಂಡಿರುವುದು ಲೇಸು. ಖರ್ಚಿನ ಲೆಕ್ಕಕ್ಕಾಗಿ ಜೋಪಾನ ಮಾಡಿದ ಆ ಚೂರು ಕಾಗದ, ಯಾರೋ ನಮ್ಮ ಹೆಸರು ಹಿಡಿದು ಕರೆದಾಗ ಅವರು ಯಾರೆಂದು ವಿಚಾರಿಸಲು ಉಪಯೋಗಕ್ಕೆ ಬಂದೀತು.