ಹುಲ್ಲಿಗೆ ತೆಕ್ಕೆ ಬಿದ್ದ ನೀಲಿ

ಜಾಂಬೋಟಿ ದಾಟಿ ಕಣಕುಂಬಿ ಮುಟ್ಟುವಷ್ಟರಲ್ಲಿ ಮಳೆ ಬಿಟ್ಟಿತ್ತು, ಮಂಜು ಬಿಟ್ಟಿರಲಿಲ್ಲ. ಮಲಪ್ರಭೆ ಹುಟ್ಟುವ ತಾಣದಲ್ಲಿ ಕೈಮುಗಿದು, ನಾನೂ ಗೆಳತಿಯೂ ಚೋರ್ಲಾ ಘಾಟಿನ ಹಾದಿ ಹಿಡಿದೆವು. ಸೆಪ್ಟೆಂಬರಿನಲ್ಲಿ ಖಾನಾಪುರ ತಾಲೂಕಿನ ಈ ಅಂಚಿಗೆ ಬಂದರೆ ಜಂಬಿಟ್ಟಿಗೆ ಬಯಲಿನ ಹೂಗಳನ್ನು ನೋಡದೆ ಮರಳಬಾರದು ಎಂದು ಗೆಳತಿ ವರ್ಷಗಟ್ಟಲೆ ಹೇಳುತ್ತಿದ್ದಳು.

ರಸ್ತೆ ಬಿಟ್ಟು ಹತ್ತು ನಿಮಿಷ ನಡೆದಿರಬೇಕು. ಮಂಜು ಸರಿಯಿತು. ಅಬ್ಬಾ! ಬೇಸಿಗೆಯಲ್ಲಿ ಕಾಲು ಸುಡುವ ಬರಿ ಕಲ್ಲುಹಾಸಿನ ಮೇಲೆ ಯಾರೋ ನೀಲಿ ಇಳಕಲ್ ಸೀರೆ ಒಣಗಹಾಕಿದ ಹಾಗಿತ್ತು. ಮೈತುಂಬ ಯುಟ್ರಿಕ್ಯುಲೇರಿಯಾ ಹೂಗಳು. ಉಗುರಿನಷ್ಟು ಹೂವು, ದಾರದಷ್ಟು ದಂಟು.

ಎಮ್ಮೆ ಕಾಯುತ್ತ ಕಂಬಳಿ ಕೊಪ್ಪೆ ಹೊದ್ದು ನಿಂತಿದ್ದ ಆಯಿಯೊಬ್ಬರು ಹತ್ತಿರ ಬಂದರು. “ಏನ ಹುಡಕಾಕತ್ತೀರವ್ವಾ?”

“ಈ ಹೂವಿಗೆ ಏನಂತೀರಿ, ಆಯೀ?”

“ಸೀತೇಚಿ ಆಸವೆ. ಸೀತವ್ವನ ಕಣ್ಣೀರು.”

“ಎಲ್ಲಾ ಒಂದರೀ?”

“ಒಂದ ಅಲ್ಲೇನು ಮತ್ತ?”

ನನಗೂ ಒಂದೇ ಎನಿಸಿತ್ತು. ಗೆಳತಿ ಮಂಡಿಯೂರಿ ಕೂತು, “ಹೂವು ಆಮೇಲೆ ನೋಡು, ಮೊದಲು ದಂಟು ಹಿಡಿ” ಎಂದಳು. ಒಂದು ದಂಟನ್ನು ಮೆಲ್ಲಗೆ ಬಾಗಿಸಿದೆ, ಅದೊಂದೇ ಬಾಗಿತು. ಇನ್ನೊಂದನ್ನು ಬಾಗಿಸಿದೆ, ಜೊತೆಗೆ ಹುಲ್ಲಿನ ಕಡ್ಡಿಯೂ ಬಂತು! ಕಣ್ಣು ಹತ್ತಿರ ಒಯ್ದರೆ, ಎಳೆ ದಂಟು ಹುಲ್ಲಿಗೆ ಸುತ್ತು ಹಾಕಿಕೊಂಡು ಮೇಲೇರಿತ್ತು. ಹೀಗೆ ಸುತ್ತಿಕೊಳ್ಳುವುದು ಯುಟ್ರಿಕ್ಯುಲೇರಿಯಾ ರೆಟಿಕ್ಯುಲೇಟಾ. ತನ್ನಷ್ಟಕ್ಕೆ ನೆಟ್ಟಗೆ ನಿಲ್ಲುವುದು ಯುಟ್ರಿಕ್ಯುಲೇರಿಯಾ ಪರ್ಪ್ಯುರಾಸೆನ್ಸ್. ಈಗ ಹೂವು ನೋಡಿದರೆ ಅದೂ ಬೇರೆಯೇ. ಸುತ್ತಿಕೊಂಡದ್ದು ತುಸು ದೊಡ್ಡದು, ಅದರ ಗಂಟಲ ಬಳಿ ಕಡುನೀಲಿ ನರಗಳು ಬಲೆ ನೇಯ್ದಿವೆ. ರೆಟಿಕ್ಯುಲೇಟಾ ಎಂದರೂ ಬಲೆಯಂಥದ್ದು ಎಂದೇ ಅರ್ಥ. ನೆಟ್ಟಗೆ ನಿಂತದ್ದು ಚಿಕ್ಕದು, ನೇರಳೆಗೆ ತಿರುಗಿದ್ದು.

ಎಮ್ಮೆಯ ಗೊರಸಿಗೆ ಸಿಕ್ಕು ಕಿತ್ತುಬಂದ ಗಿಡವೊಂದು ಕೆಸರಲ್ಲಿ ಬಿದ್ದಿತ್ತು. ಅದರ ಬುಡವನ್ನು ಅಂಗೈ ನೀರಿನಲ್ಲಿ ತೊಳೆದು ಲೆನ್ಸ್ ಹಿಡಿದೆ. ಬೇರೇ ಇಲ್ಲ! ಬಿಳಿ ಎಳೆಗಳಿಗೆ ಗಸಗಸೆಗಿಂತ ಸಣ್ಣ ಚೀಲಗಳು ತೂಗುತ್ತಿದ್ದವು. ಒಂದೊಂದೂ ಒಂದು ಬೋನು. ಚೀಲ ಒಳಗಿನ ನೀರನ್ನು ಹೊರದೂಡಿ ಬಿಗಿದು ಕಾಯುತ್ತದೆ. ಯಾವುದೋ ಸೂಕ್ಷ್ಮಜೀವಿ ಬಾಗಿಲ ಕೂದಲಿಗೆ ತಾಗಿದರೆ ಸಾಕು, ಬಾಗಿಲು ಒಳಕ್ಕೆ ತೆರೆದು, ನೀರಿನೊಂದಿಗೆ ಬೇಟೆಯನ್ನು ಹೀರಿ ಮುಚ್ಚಿಕೊಳ್ಳುತ್ತದೆ. ಹೀರುವುದಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಹಿಡಿಯದು. 1875ರಲ್ಲಿ ಕೀಟಾಹಾರಿ ಸಸ್ಯಗಳ ಮೇಲೆ ಪುಸ್ತಕ ಬರೆದ ಡಾರ್ವಿನ್ ಕೂಡ, ಹುಳ ತಾನೇ ತಲೆಯಿಂದ ಬಾಗಿಲು ನೂಕಿ ಒಳಹೋಗುತ್ತದೆಂದು ತಿಳಿದಿದ್ದರು. ಮಳೆ ಈ ಬಯಲಿನ ಸಾರವನ್ನೆಲ್ಲ ತೊಳೆದೊಯ್ಯುತ್ತದೆ. ಕಲ್ಲಿನ ಮೇಲಿನ ಬೆರಳುದ್ದದ ಮಣ್ಣು ಕೊಡದ ಸಾರಜನಕವನ್ನು ಗಿಡ ಹೀಗೆ ಗಳಿಸಿಕೊಳ್ಳುತ್ತದೆ. ನಾನು ನಿಂತ ನೆಲದಡಿಯಲ್ಲಿ ಆ ಕ್ಷಣವೂ ಎಷ್ಟು ಬಾಗಿಲುಗಳು ತೆರೆದು ಮುಚ್ಚುತ್ತಿದ್ದವೋ! ಮೈ ಜುಮ್ಮೆಂದಿತು.

ಲೆನ್ಸನ್ನು ಆಯಿಯ ಕೈಗಿತ್ತೆ. ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಬಗ್ಗಿ, ಒಂದೊಂದೇ ದಂಟನ್ನು ಬೆರಳಿಂದ ಸವರುತ್ತ ಹೋದರು. “ಇದು ಒಂಟಿ... ಇದೂ ಒಂಟಿ... ಇದು ನೋಡ್ರಿ, ಹುಲ್ಲಿಗೆ ತೆಕ್ಕಿ ಬಿದ್ದೈತಿ! ಇಷ್ಟ ವರ್ಷ ಇದರ ಮ್ಯಾಲ ಅಡ್ಡಾಡೇನಿ, ಕಂಡಿದ್ದಿಲ್ಲ ನೋಡವ್ವಾ.” ಅವರ ಮುಖದ ಬೆರಗು ನನ್ನದೇ ಆಗಿತ್ತು.

ಮಳೆ ನಿಂತು ಕಲ್ಲು ಒಣಗಿದರೆ ಈ ಗಿಡಗಳೂ ಒಣಗುತ್ತವೆ, ಬೀಜಗಳಷ್ಟೇ ಬಿರುಕಿನಲ್ಲಿ ಮುಂದಿನ ಮುಂಗಾರಿಗೆ ಕಾಯುತ್ತವೆ. ಅದಕ್ಕೇ ಇರಬೇಕು, ಎದ್ದು ಬರಲು ಮನಸ್ಸಾಗಲಿಲ್ಲ.

ಸಂಜೆ ಮರಳುವಾಗ ಕಣಕುಂಬಿಯ ಹತ್ತಿರ ಭತ್ತದ ಗದ್ದೆಯ ಬದುವಿನಲ್ಲಿ ನಿಂತೆವು. ಪೈರಿನ ನಡುವೆ ಒಂದು ನೀಲಿ ಚುಕ್ಕಿ. ಎಸಳು ನೋಡಲಿಲ್ಲ, ದಂಟಿನಗುಂಟ ಬೆರಳು ಇಳಿಸಿದೆ. ಭತ್ತದ ಕಡ್ಡಿಗೆ ಎರಡು ಸುತ್ತು. “ತೆಕ್ಕಿ ಬಿದ್ದಾಕಿ!” ಎಂದೆ ನಾನು, ಆಯಿಯ ದನಿಯಲ್ಲೇ.